ಹುಸಿಮದ್ದು ಮತ್ತು ನಿಜವಾದ ಸಾಂತ್ವನ

ವೈದ್ಯಶಾಸ್ತ್ರದ ‘ಪ್ಲಸೀಬೊ’ ಎಂಬ ಪದ ಮೊದಲು ಕೇಳಿಬಂದದ್ದು ಆಸ್ಪತ್ರೆಯಲ್ಲಲ್ಲ, ದೇವಾಲಯದಲ್ಲಿ. ‘ಮೆಚ್ಚಿಸುವೆನು’ ಎಂಬ ಅರ್ಥದ ಈ ಲತೀನ್ ಪದ, ಮಧ್ಯಯುಗದ ಧರ್ಮಸಭೆಯಲ್ಲಿ ಮೃತರಿಗಾಗಿ ಸಲ್ಲಿಸುತ್ತಿದ್ದ ಸಂಜೆಯ ಪ್ರಾರ್ಥನೆಯ ಮೊದಲ ಪದವಾಗಿತ್ತು. ಕಾಲಕ್ರಮದಲ್ಲಿ ಊಟದ ಆಸೆಗೋ ಕಾಸಿನ ಆಸೆಗೋ ಸತ್ತವರ ಮನೆಗೆ ಬಂದು ಅದನ್ನು ಹಾಡುವವರೂ ಹುಟ್ಟಿಕೊಂಡರು. ಹೀಗಾಗಿ ‘ಪ್ಲಸೀಬೊ ಹಾಡುವುದು’ ಎಂದರೆ ಮುಖಸ್ತುತಿ ಮಾಡುವುದು ಎಂಬ ಅರ್ಥ ಇಂಗ್ಲಿಷಿನಲ್ಲಿ ಬೆಳೆಯಿತು. 18ನೇ ಶತಮಾನದ ಉತ್ತರಾರ್ಧದಲ್ಲಿ ವೈದ್ಯರು ಆ ಪದವನ್ನು ಎರವಲು ಪಡೆದು, ರೋಗಿಯನ್ನು ಗುಣಪಡಿಸುವುದಕ್ಕಿಂತ ಸಮಾಧಾನಪಡಿಸಲೆಂದೇ ಕೊಡುವ ಮದ್ದಿಗೆ ಇಟ್ಟರು. ಕನ್ನಡದಲ್ಲಿ ಅದನ್ನು ಹುಸಿಮದ್ದು ಎನ್ನಬಹುದು.

ಈ ಹುಸಿಮದ್ದು ಸತ್ಯವನ್ನು ಹೊರಗೆಡಹುವ ಸಾಧನವಾದ ಕಥೆಯನ್ನು ಅರಿಯಲು ನಮ್ಮ ಮೈಸೂರಿನಿಂದಲೇ ಹೊರಡಬಹುದು. ಕೆ.ಆರ್.ಎಸ್. ರಸ್ತೆಯಲ್ಲಿರುವ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆಯನ್ನು ಬಲ್ಲದವರು ವಿರಳ. ಕ್ಷಯಕ್ಕೆ ಬಲಿಯಾದ ಸೋದರಿಯ ನೆನಪಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಸ್ಯಾನಟೋರಿಯಂ ಅದು. ಅರಮನೆಯ ಐಶ್ವರ್ಯವೂ ತಡೆಯಲಾಗದ ರೋಗಕ್ಕೆ ಆಗ ಲೋಕದ ಯಾವ ಸ್ಯಾನಟೋರಿಯಂನಲ್ಲೂ ಮದ್ದಿರಲಿಲ್ಲ. ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ದೀರ್ಘ ವಿಶ್ರಾಂತಿ ಮತ್ತು ದಾದಿಯರ ಆರೈಕೆ, ಇವೇ ಚಿಕಿತ್ಸೆಯಾಗಿದ್ದವು.

ಆದರೂ ಕೆಲವರು ಗುಣಮುಖರಾಗಿ ಮನೆಗೆ ಮರಳುತ್ತಿದ್ದರು. ಕ್ಷಯವು ತಾನಾಗಿಯೇ ಏರುತ್ತ ಇಳಿಯುತ್ತ ಸಾಗುವ ರೋಗ. ಇಳಿಮುಖವಾದ ಹೊತ್ತಿನಲ್ಲಿ ಯಾವ ಮದ್ದು ಕೊಟ್ಟಿದ್ದರೂ ಕೀರ್ತಿ ಆ ಮದ್ದಿಗೇ ಸಲ್ಲುತ್ತಿತ್ತು. 1920ರ ದಶಕದಲ್ಲಿ ಡೆನ್ಮಾರ್ಕಿನಿಂದ ಬಂದ ‘ಸ್ಯಾನೊಕ್ರೈಸಿನ್’ ಎಂಬ ಚಿನ್ನದ ಲವಣದ ಚುಚ್ಚುಮದ್ದು ಹೀಗೆಯೇ ಹೆಸರು ಮಾಡಿತು. ಅದು ನಿಜವಾಗಿ ಫಲಕಾರಿಯೇ ಎಂದು ಅಮೆರಿಕದ ಡೆಟ್ರಾಯಿಟ್ ನಗರದ ವೈದ್ಯ ಆಂಬರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿದರು. 24 ರೋಗಿಗಳನ್ನು ಆರಿಸಿ, 12 ಮಂದಿಯ ಎರಡು ಗುಂಪು ಮಾಡಿ, ಯಾವ ಗುಂಪಿಗೆ ಚಿನ್ನ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದರು. ಇನ್ನೊಂದು ಗುಂಪಿಗೆ ಕೊಟ್ಟದ್ದು ಬಟ್ಟಿಯಿಳಿಸಿದ ನೀರಿನ ಚುಚ್ಚುಮದ್ದು. ತಮಗೆ ಯಾವುದು ಸಿಕ್ಕಿತೆಂದು ರೋಗಿಗಳಿಗೆ ತಿಳಿದಿರಲಿಲ್ಲ. 1931ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಚಿನ್ನದಿಂದ ಪ್ರಯೋಜನವಾಗಲಿಲ್ಲ, ಅದರ ವಿಷಪ್ರಭಾವದಿಂದ ರೋಗಿಗಳು ನರಳಿದ್ದೇ ಬಂತು. ಬೆಲೆಬಾಳುವ ಚಿನ್ನದ ಹುಸಿಯನ್ನು ಬರಿಯ ನೀರು ಬಯಲಿಗೆಳೆಯಿತು.

ನಿಜವಾದ ಮದ್ದು ಬಂದದ್ದು ಸ್ಟ್ರೆಪ್ಟೊಮೈಸಿನ್ ರೂಪದಲ್ಲಿ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ, ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ ನಾಲ್ವರು, ವಿಶ್ರಾಂತಿ ಮಾತ್ರ ಪಡೆದ 52 ಜನರಲ್ಲಿ 14 ಮಂದಿ ಮರಣಹೊಂದಿದರು. ಅಲ್ಲಿ ನೀರಿನ ಚುಚ್ಚುಮದ್ದನ್ನು ಬಳಸಲಿಲ್ಲ. ದಿನಕ್ಕೆ ನಾಲ್ಕು ಬಾರಿ, ತಿಂಗಳುಗಟ್ಟಲೆ ರೋಗಿಗಳನ್ನು ವೃಥಾ ಚುಚ್ಚುವುದು ಸರಿಯಲ್ಲವೆಂದು ವೈದ್ಯರು ಬಗೆದರು. ಮುಂದೆ 1959ರಲ್ಲಿ ಮದರಾಸಿನ ಅಧ್ಯಯನವೊಂದು, ಔಷಧಿಯನ್ನು ಕ್ರಮವಾಗಿ ಸೇವಿಸಿದರೆ ಬಡವರ ಇಕ್ಕಟ್ಟಾದ ಮನೆಯಲ್ಲಿದ್ದೂ ಸ್ಯಾನಟೋರಿಯಂನಲ್ಲಿದ್ದಷ್ಟೇ ಗುಣವಾಗುತ್ತದೆ ಎಂದು ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು.

ಹುಸಿಮದ್ದು ನಮ್ಮ ನೆರೆಯಲ್ಲೇ ಮತ್ತೊಂದು ಕಹಿ ಸತ್ಯವನ್ನು ನುಡಿಯಿತು. 1968ರಿಂದ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಬಿ.ಸಿ.ಜಿ. ಲಸಿಕೆಯನ್ನೋ ಹುಸಿ ಲಸಿಕೆಯನ್ನೋ ಹಾಕಲಾಯಿತು. ಶ್ವಾಸಕೋಶದ ಕ್ಷಯದಿಂದ ಬಿ.ಸಿ.ಜಿ. ಅಲ್ಲಿ ರಕ್ಷಣೆ ನೀಡಲಿಲ್ಲವೆಂದು 1979ರಲ್ಲಿ ತಿಳಿದುಬಂದಿತು. ಎಳೆಯ ಮಕ್ಕಳನ್ನು ಕ್ಷಯದ ಭೀಕರ ರೂಪಗಳಿಂದ ಕಾಯುವುದರಿಂದ ಅದನ್ನು ಇಂದಿಗೂ ಹಾಕಲಾಗುತ್ತಿದೆ.

ಹಾಗಾದರೆ ರೋಗಿಯ ನಂಬಿಕೆಗೆ ಬೆಲೆಯೇ ಇಲ್ಲವೇ? ಉಂಟು, ಆದರೆ ಅದಕ್ಕೊಂದು ಎಲ್ಲೆಯೂ ಉಂಟು. ಹಲ್ಲು ಕೀಳಿಸಿಕೊಂಡವರಿಗೆ ಹುಸಿಮದ್ದಿನಿಂದ ದೊರೆತ ಉಪಶಮನವನ್ನು, ಮೆದುಳಿನ ಸಹಜ ನೋವುನಿವಾರಕಗಳನ್ನು ತಡೆಯುವ ಔಷಧಿ ಕುಗ್ಗಿಸಿತೆಂದು 1978ರಲ್ಲಿ ವರದಿಯಾಯಿತು. ಎಂದರೆ ಆ ಉಪಶಮನ ಬರಿಯ ಭ್ರಮೆಯಲ್ಲ, ದೇಹವೇ ಒದಗಿಸಿಕೊಂಡದ್ದು. 2010ರಲ್ಲಿ ಕರುಳಿನ ತೊಂದರೆಯ 80 ರೋಗಿಗಳಲ್ಲಿ ಕೆಲವರಿಗೆ “ಇದು ಹುಸಿಮದ್ದು” ಎಂದು ಮುಚ್ಚುಮರೆಯಿಲ್ಲದೆ ಹೇಳಿಯೇ ಕೊಟ್ಟಾಗಲೂ, ಏನೂ ಪಡೆಯದವರಿಗಿಂತ ಹೆಚ್ಚು ನೆಮ್ಮದಿ ಅವರಿಗೆ ಕಂಡಿತು. ಆದರೆ ನಂಬಿಕೆಯೊಂದೇ ಕ್ಷಯದ ಕ್ರಿಮಿಯನ್ನು ಕೊಲ್ಲಲಾರದು.

ಇಲ್ಲಿ ನಮ್ಮ ಕುಟುಂಬಗಳಿಗೊಂದು ಪಾಠವಿದೆ. ರೋಗಿಯ ಹಾಸಿಗೆಯ ಬಳಿ ಕುಳಿತು ಕೈಹಿಡಿಯುವುದು, ಅವರ ಮಾತನ್ನು ತಾಳ್ಮೆಯಿಂದ ಆಲಿಸುವುದು, ಅವರಿಗಾಗಿ ಪ್ರಾರ್ಥಿಸುವುದು ನಮ್ಮ ಕರ್ತವ್ಯ. “ಇನ್ನು ಮಾತ್ರೆ ಬೇಡ, ನಂಬಿಕೆ ಸಾಕು” ಎನ್ನುವುದು ಸಾಂತ್ವನವಲ್ಲ. ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು ಆರು ತಿಂಗಳ ಔಷಧಿಯನ್ನು ಅರ್ಧಕ್ಕೇ ಬಿಟ್ಟವರಲ್ಲಿ ಕ್ಷಯ ಮರುಕಳಿಸಬಹುದು, ಮದ್ದಿಗೆ ಬಗ್ಗದಂತೆಯೂ ಆಗಬಹುದು. ಹಳೆಯ ಸ್ಯಾನಟೋರಿಯಂನ ದಾದಿಯರ ಬಳಿ ಮದ್ದಿರಲಿಲ್ಲ, ಆರೈಕೆಯಿತ್ತು. ಇಂದು ನಮ್ಮ ಬಳಿ ಎರಡೂ ಇವೆ. ಮೆಚ್ಚಿಸಲೆಂದು ಹಾಡುವವರ ಸಾಲಿಗೆ ಸೇರದೆ, ಸತ್ಯವನ್ನು ಪ್ರೀತಿಯಿಂದ ನುಡಿಯುವವರಾಗೋಣ.