ಡಫಾಕ್ರಾನಿಕ್ ಆಮ್ಲ

ಸೀನೊರಾಬ್ಡೈಟಿಸ್ ಎಲಿಗನ್ಸ್ ಎಂಬ ದುಂಡುಹುಳುವಿನ ಬೆಳವಣಿಗೆಯನ್ನೂ ಆಯುಸ್ಸನ್ನೂ ನಿಯಂತ್ರಿಸುವ ಸ್ಟೀರಾಯ್ಡ್ ಹಾರ್ಮೋನು. ಡೇವಿಡ್ ಮ್ಯಾಂಗಲ್ಸ್‌ಡಾರ್ಫ್ ಮತ್ತು ಆಡಮ್ ಆಂಟೆಬಿ ಅವರ ತಂಡಗಳು ಇದನ್ನು 2006ರಲ್ಲಿ ಗುರುತಿಸಿದವು. ಕೊಳೆತ ಹಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ಈ ಹುಳು ಸುಮಾರು 1 ಮಿ.ಮೀ. ಉದ್ದವಿದ್ದು, ಎರಡು ಮೂರು ವಾರ ಬಾಳುತ್ತದೆ.

ಹಾರ್ಮೋನಿಗೆ ಮೂಲ ಕೊಲೆಸ್ಟರಾಲ್. ಹುಳು ಅದನ್ನು ತಾನೇ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಹಾಗಾಗಿ ಪ್ರಯೋಗಾಲಯಗಳಲ್ಲಿ ಹುಳು ಸಾಕುವ ಅಗರ್‌ಗೆ ಲೀಟರಿಗೆ 5 ಮಿ.ಗ್ರಾಂ. ಕೊಲೆಸ್ಟರಾಲ್ ಬೆರೆಸುವುದು ರೂಢಿ. ಡಾಫ್-36 ಎಂಬ ಕಿಣ್ವ ಅದನ್ನು ಮಾರ್ಪಡಿಸಲು ತೊಡಗಿದರೆ, ಡಾಫ್-9 ಕೊನೆಯ ಹಂತವನ್ನು ಮುಗಿಸುತ್ತದೆ. ಸಿದ್ಧವಾದ ಹಾರ್ಮೋನು ಡಾಫ್-12 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಇದು ಮನುಷ್ಯರ ವಿಟಮಿನ್ ಡಿ ಗ್ರಾಹಕದ ದೂರದ ನೆಂಟ.

ಮೇವು ಹೇರಳವಾಗಿದ್ದರೆ ಹಾರ್ಮೋನು ಉತ್ಪತ್ತಿಯಾಗಿ, ಮರಿಹುಳು ನಾಲ್ಕು ಸಲ ಪೊರೆ ಕಳಚಿ ಮೂರು ದಿನಗಳಲ್ಲಿ ಪ್ರೌಢವಾಗುತ್ತದೆ. ಹಸಿವು, ದಟ್ಟಣೆ, ಸೆಕೆ ಹೆಚ್ಚಿದಾಗ ಉತ್ಪಾದನೆ ಕುಗ್ಗುತ್ತದೆ. ಆಗ ಹಾರ್ಮೋನಿಲ್ಲದ ಡಾಫ್-12 ಮರಿಯನ್ನು 'ಡೌವರ್' ಸ್ಥಿತಿಗೆ ತಳ್ಳುತ್ತದೆ. ಜರ್ಮನ್ ಭಾಷೆಯ ಈ ಪದಕ್ಕೆ ನಮ್ಮ 'ಬಾಳಿಕೆ' ಚೆನ್ನಾಗಿ ಹೊಂದುತ್ತದೆ. ಡೌವರ್ ಮರಿಯ ಬಾಯಿ ಮುಚ್ಚಿರುತ್ತದೆ, ಹೊರಪೊರೆ ದಪ್ಪವಾಗಿರುತ್ತದೆ. ಉಳಿದ ಹುಳುಗಳನ್ನೆಲ್ಲ ಕೊಲ್ಲುವ ಮಾರ್ಜಕದ ದ್ರಾವಣದಲ್ಲೂ ಅದು ಸಾಯದು. ಬಾಲದ ಮೇಲೆ ನಿಂತು ತಲೆ ಆಡಿಸುತ್ತ, ಹಾದುಹೋಗುವ ಕೀಟಕ್ಕೆ ತಗಲಿಕೊಂಡು ಬೇರೆಡೆಗೆ ಸಾಗುವುದೂ ಉಂಟು. ಹೀಗೆ ತಿಂಗಳುಗಟ್ಟಲೆ ಕಾದು, ಮೇವು ಸಿಕ್ಕೊಡನೆ ಬೆಳವಣಿಗೆಯನ್ನು ಮುಂದುವರಿಸುತ್ತದೆ.

ಇಷ್ಟನ್ನೇ ನೋಡಿ ಹಾರ್ಮೋನು ಕಡಿಮೆಯಾದರೆ ಆಯುಸ್ಸು ಹೆಚ್ಚುತ್ತದೆಂದು ತೀರ್ಮಾನಿಸುವಂತಿಲ್ಲ. ಅಂಡ, ವೀರ್ಯಾಣುಗಳಿಗೆ ಮೂಲವಾದ ಜನನಕೋಶಗಳನ್ನು ಲೇಸರ್‌ನಿಂದ ಸುಟ್ಟರೆ ಹುಳು ಸುಮಾರು 60% ಹೆಚ್ಚು ಕಾಲ ಬಾಳುತ್ತದೆಂದು ಹೊನೊರ್ ಸಿನ್ ಮತ್ತು ಸಿಂಥಿಯಾ ಕೆನ್ಯನ್ 1999ರಲ್ಲಿ ತೋರಿಸಿದರು. ಸಂತಾನಕ್ಕೆ ವ್ಯಯವಾಗುವ ಶಕ್ತಿ ಉಳಿದದ್ದೇ ಕಾರಣವೆನ್ನಲು ಬರುವುದಿಲ್ಲ. ಇಡೀ ಜನನಾಂಗವನ್ನೇ ತೆಗೆದಾಗ ಈ ಲಾಭ ಸಿಗಲಿಲ್ಲ. ಈ ಹೆಚ್ಚುವರಿ ಆಯುಸ್ಸಿಗೆ ಡಾಫ್-12 ಬೇಕು, ಹಾರ್ಮೋನೂ ಬೇಕು. ಡಾಫ್-9 ಕೆಟ್ಟ ಹುಳುಗಳಿಗೆ ಜನನಕೋಶ ತೆಗೆದರೂ ದೀರ್ಘಾಯುಸ್ಸು ದಕ್ಕದು. ಹೊರಗಿನಿಂದ ಹಾರ್ಮೋನು ಕೊಟ್ಟರೆ ಮರಳುತ್ತದೆ. ಅಂದರೆ ಮರಿಯಲ್ಲಿ ಹಾರ್ಮೋನಿನ ಅಭಾವ ಮಾಡಿದ ಕೆಲಸವನ್ನು ಪ್ರೌಢ ಹುಳುವಿನಲ್ಲಿ ಅದರ ಇರುವಿಕೆಯೇ ಮಾಡುತ್ತದೆ.

ಮನುಷ್ಯರ ಚರ್ಮ ತೂರಿ ಕರುಳು ಸೇರುವ ಸ್ಟ್ರಾಂಜಿಲಾಯ್ಡಿಸ್ ಎಂಬ ಪರಾವಲಂಬಿಯ ಸೋಂಕುಕಾರಕ ಮರಿಗೂ ಡೌವರ್‌ಗೂ ಬಹಳ ಹೋಲಿಕೆಯಿದೆ. ಈ ಪರಾವಲಂಬಿಯ ಎಳೆಯ ಮರಿಗಳಿಗೆ ಡಫಾಕ್ರಾನಿಕ್ ಆಮ್ಲ ಕೊಟ್ಟಾಗ ಅವು ಸೋಂಕು ತಗಲಿಸುವ ರೂಪ ತಾಳಲಿಲ್ಲ.