ರಸ್ತೆ ಏರಿತು, ಗೋಡೆ ನೆನೆಯಿತು

ನಮ್ಮ ಬಳಗದ ಒಬ್ಬರ ಮನೆ ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನ ಒಂದು ಹಳ್ಳಿಯಲ್ಲಿದೆ. ಅಜ್ಜನ ಕಾಲದ ಕಲ್ಲು-ಮಣ್ಣಿನ ಗೋಡೆ. ಹತ್ತು ವರ್ಷದಲ್ಲಿ ಪಡಸಾಲೆಯ ಗೋಡೆಗೆ ಮೂರು ಸಲ ಸಿಮೆಂಟ್ ಗಿಲಾವು ಮಾಡಿಸಿದರು. ಮೂರು ಸಲವೂ ಸೊಂಟದೆತ್ತರದವರೆಗೆ ಬಣ್ಣ ಉಬ್ಬಿತು, ಬಿಳಿ ಪುಡಿ ಎದ್ದಿತು, ಗಿಲಾವು ಹಪ್ಪಳದಂತೆ ಕಳಚಿ ಬಿತ್ತು. ಮೂರನೇ ಸಲದ ದುಡ್ಡು ಸಂಘದ ಸಾಲ. ಅದಿನ್ನೂ ತೀರಿಲ್ಲ.

ಆ ಮನೆಯ ಅವ್ವ ಒಂದು ಮಾತು ಕೇಳಿದರು: "ನಮ್ಮತ್ತಿ ಕಾಲದಾಗ ಇದೇ ಗ್ವಾಡಿ ನೆಟ್ಟಗಿತ್ತಲ್ಲ, ಈಗೇನಾತು?"

ಉತ್ತರ ಹುಡುಕುತ್ತಾ ಹೋದ ನಮಗೆ ಸಿಕ್ಕಿದ್ದು ಗೋಡೆಗಳ ಚರಿತ್ರೆ.

ಮೊದಲು ನೀರು ಹೇಗೆ ಏರುತ್ತದೆ ನೋಡೋಣ. ಹಣತೆಯಲ್ಲಿ ಎಣ್ಣೆ ಕೆಳಗಿದ್ದರೂ ಬತ್ತಿ ಅದನ್ನು ಮೇಲಕ್ಕೆ ಎಳೆಯುತ್ತದೆ. ಮಣ್ಣು, ಇಟ್ಟಿಗೆ, ಗಾರೆ ಎಲ್ಲದರಲ್ಲೂ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ನೆಲದ ತೇವ ಅದೇ ರೀತಿ ಮೇಲೇರುತ್ತದೆ. ಸಾಮಾನ್ಯವಾಗಿ ಮೂರು ಅಡಿಯ ಆಸುಪಾಸು ನಿಲ್ಲುತ್ತದೆ. ಬರುವಾಗ ನೆಲದ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರುತ್ತದೆ, ಉಪ್ಪು ಉಳಿದು ಹರಳುಗಟ್ಟುತ್ತದೆ. ಆ ಹರಳು ಬೆಳೆಯುತ್ತಾ ಗಿಲಾವನ್ನು ಒಳಗಿನಿಂದ ಹೊರಕ್ಕೆ ನೂಕುತ್ತದೆ.

ಈ ಉಪ್ಪು ನಮ್ಮ ಹಿರಿಯರಿಗೆ ಹೊಸದೇನಲ್ಲ. ಸವಳು ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಆರಿಸಿ ಉಪ್ಪು ತೆಗೆಯುವುದು ಉಪ್ಪಾರರ ಹಳೆಯ ಕಸುಬು. ಕೋವಿಯ ಮದ್ದಿಗೆ ಬೇಕಾದ ಪೆಟ್ಲುಪ್ಪನ್ನೂ ಹಳೆಯ ಊರುಗಳ ಮಣ್ಣು, ಗೋಡೆಯ ಬುಡಗಳಿಂದ ಕೆರೆದು ತೆಗೆಯುತ್ತಿದ್ದರು. ಗೋಡೆಗೆ ತೇವ ಏರುತ್ತದೆ, ಉಪ್ಪು ಬರುತ್ತದೆ ಎಂಬುದು ಅವರಿಗೆ ಗೊತ್ತಿದ್ದ ಸಂಗತಿ. ಕಟ್ಟುವಾಗಲೇ ಅದಕ್ಕೆ ತಕ್ಕಂತೆ ಕಟ್ಟುತ್ತಿದ್ದರು.

ಹಳೆಯ ಮನೆಗಳನ್ನು ಗಮನಿಸಿ. ನೆಲದಿಂದ ಎರಡು-ಮೂರು ಅಡಿ ಕಲ್ಲಿನ ಕಟ್ಟು, ಅದರ ಮೇಲೆ ಮಣ್ಣಿನ ಗೋಡೆ. ಮುಂದೆ ಎತ್ತರದ ಕಟ್ಟೆ. ಗೋಡೆಗೆ ಮಣ್ಣಿನ ಮೆತ್ತಿಗೆ, ಮೇಲೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ತೇವ ಏರಿದರೂ ಮಣ್ಣು, ಸುಣ್ಣದ ಮೂಲಕ ಆರಿ ಹೋಗುತ್ತಿತ್ತು. ಉಪ್ಪು ತಿಂದದ್ದು ಮೇಲಿನ ಪದರವನ್ನಷ್ಟೇ. ಹಬ್ಬ ಬಂದಾಗ ಅದನ್ನು ಕೆರೆದು ಮತ್ತೆ ಸಾರಿಸಿದರೆ ಮುಗಿಯಿತು. ಖರ್ಚು ಒಂದು ಬುಟ್ಟಿ ಮಣ್ಣು, ಒಂದಿಷ್ಟು ಸುಣ್ಣ.

ದೊಡ್ಡ ಕಟ್ಟಡಗಳಿಗೆ ಸುಣ್ಣದ ಗಾರೆ ಇತ್ತು. ಸುಟ್ಟ ಸುಣ್ಣ, ಮರಳು, ಇಟ್ಟಿಗೆಪುಡಿಯ ಸುರ್ಕಿ ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟೆಯನ್ನೂ ಸುರ್ಕಿ ಗಾರೆಯಲ್ಲೇ ಕಟ್ಟಿದ್ದು. ಇವತ್ತಿಗೂ ಸಿಮೆಂಟ್ ಕಲಸುವವರನ್ನು ನಾವು 'ಗಾರೆ ಕೆಲಸದವರು' ಎನ್ನುತ್ತೇವೆ. ಗಾರೆ ಹೋಯಿತು, ಹೆಸರು ಉಳಿಯಿತು.

ಈಗಿನ ಸಿಮೆಂಟಿನ ಪೂರ್ವಜನಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದರು. ನಮ್ಮ ದೇಶದಲ್ಲಿ 1914ರಲ್ಲಿ ಗುಜರಾತಿನ ಪೋರಬಂದರಿನ ಕಾರ್ಖಾನೆ ಸಿಮೆಂಟ್ ತಯಾರಿಸತೊಡಗಿತು. ಆದರೂ ಬಹುಕಾಲ ಅದು ಹಳ್ಳಿಯವರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಪರ್ಮಿಟ್ ಬೇಕಿತ್ತು. ಸರ್ಕಾರ 1982ರಲ್ಲಿ ಅರ್ಧ, 1989ರಲ್ಲಿ ಪೂರ್ತಿ ನಿಯಂತ್ರಣ ತೆಗೆಯಿತು. ಆಮೇಲೆ ಊರೂರಿನ ಅಂಗಡಿಗೂ ಚೀಲ ಬಂತು. ಮಣ್ಣಿನ ಗೋಡೆ ಬಡತನದ ಗುರುತು, ಸಿಮೆಂಟ್ ಮರ್ಯಾದೆಯ ಗುರುತು ಎಂದಾಯಿತು.

ಸಿಮೆಂಟ್ ಕೆಟ್ಟದ್ದಲ್ಲ. ಆದರೆ ಮಣ್ಣಿನ ಗೋಡೆಗೆ ಅದನ್ನು ಬಳಿದರೆ ತೇವ ಹೊರಹೋಗುವ ದಾರಿ ಮುಚ್ಚುತ್ತದೆ. ನೀರು ಒಳಗೇ ಕೂತು ಇನ್ನೂ ಮೇಲಕ್ಕೆ ಏರುತ್ತದೆ. ಹೊರಗೆ ಗಿಲಾವು ಗಟ್ಟಿಯಾಗಿ ಕಂಡರೂ ಒಳಗೆ ಮಣ್ಣು ಮೆತ್ತಗಾಗುತ್ತಿರುತ್ತದೆ.

ಅದೇ ಕಾಲದಲ್ಲಿ ಇನ್ನೆರಡು ಬದಲಾವಣೆ ಆದವು. ಒಂದು, ಕಾಲುವೆ. 1953ರಲ್ಲಿ ತುಂಗಭದ್ರಾ ನೀರು ಹರಿಯತೊಡಗಿ, ಬಯಲೆಲ್ಲ ಭತ್ತವಾಯಿತು. ಊಟ ಕೊಟ್ಟ ಅದೇ ನೀರು ಎಷ್ಟೋ ಕಡೆ ನೆಲದೊಳಗಿನ ನೀರಿನ ಮಟ್ಟ ಏರಿಸಿ ಸವಳು-ಜವಳನ್ನೂ ತಂದಿತು. ಇನ್ನೊಂದು, ರಸ್ತೆ. ಹಳೆಯ ರಸ್ತೆ ಅಗೆಯದೆ ಅದರ ಮೇಲೆಯೇ ಹೊಸ ಕಾಂಕ್ರೀಟ್. ಹೀಗೆ ಎರಡು-ಮೂರು ಸಲ ಆದರೆ ಕಲ್ಲಿನ ಕಟ್ಟು ಮುಚ್ಚಿ ಹೋಗುತ್ತದೆ, ಮಣ್ಣಿನ ಗೋಡೆ ನೇರ ಹಸಿ ನೆಲಕ್ಕೆ ತಾಗುತ್ತದೆ. ನಾವು ಹೇಳಿದ ಮನೆಗೆ ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗಬೇಕಿತ್ತಂತೆ. ಈಗ ರಸ್ತೆಯಿಂದ ಒಂದು ಮೆಟ್ಟಿಲು ಇಳಿಯಬೇಕು. ಅವ್ವನ ಪ್ರಶ್ನೆಗೆ ಉತ್ತರ ಆ ಮೆಟ್ಟಿಲುಗಳಲ್ಲೇ ಇತ್ತು.

ಹಾಗಾಗಿ ದುಡ್ಡು ಹಾಕುವ ಮುನ್ನ ನಿಮ್ಮ ಗೋಡೆಯ ಕಾಯಿಲೆ ಯಾವುದೆಂದು ನೋಡಿ. ಕಲೆ ಮೇಲಿನಿಂದ ಇಳಿದಿದ್ದರೆ ಮಾಳಿಗೆ ಸೋರುತ್ತಿದೆ. ಒಂದೇ ಕಡೆ ಇದ್ದರೆ ಪೈಪು ಅಥವಾ ಬಚ್ಚಲಿನ ನೀರು. ನೆಲದಿಂದ ಎದ್ದು ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಂತಿದ್ದರೆ ಅದು ನೆಲದ ತೇವ. ಅನುಮಾನವಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಎರಡು ದಿನದ ಮೇಲೆ ಹನಿ ಹಾಳೆಯ ಹಿಂದಿದ್ದರೆ ತೇವ ಗೋಡೆಯದು, ಮುಂದಿದ್ದರೆ ಕೋಣೆಯ ಗಾಳಿಯದು.

ದುರಸ್ತಿ ಹೊರಗಿನಿಂದ ಶುರುವಾಗಲಿ. ಗೋಡೆಗೆ ಒತ್ತಿಕೊಂಡ ಮಣ್ಣು ತೆಗೆದು, ಒಳನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿರುವಂತೆ ಮಾಡಿ. ಆದರೆ ತಳಪಾಯದ ಕೆಳಗೆ ಅಗೆಯಬೇಡಿ. ಬಚ್ಚಲು, ಸೂರಿನ ನೀರು ದೂರ ಹೋಗಲಿ. ಆಮೇಲೆ ಕಲೆಗಿಂತ ಒಂದು ಅಡಿ ಮೇಲಿನವರೆಗೆ ಸಿಮೆಂಟ್ ಗಿಲಾವು ಕೆತ್ತಿಸಿ. ಉಪ್ಪನ್ನು ಒಣ ಬ್ರಷ್‌ನಿಂದ ಉದುರಿಸಿ, ತೊಳೆಯಬೇಡಿ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಂದು ಬೇಸಿಗೆ ಪೂರ್ತಿ ಆರಲು ಬಿಡಿ. ಕೊನೆಗೆ ಮಣ್ಣಿನ ಗೋಡೆಗೆ ಮಣ್ಣಿನ ಮೆತ್ತಿಗೆ, ಕಲ್ಲು-ಇಟ್ಟಿಗೆಗೆ ಸುಣ್ಣ-ಮರಳಿನ ಗಾರೆ, ಮೇಲೆ ಸುಣ್ಣ. ಸುಣ್ಣ ಕಲಸುವಾಗ ಕಣ್ಣು ಜೋಪಾನ. ಹೊಸ ಮನೆಯಾದರೆ ಗೋಡೆ ಏಳುವ ಮುನ್ನ ತಳಪಾಯದ ಮೇಲೆ ನೀರು ತಡೆಯುವ ಕಾಂಕ್ರೀಟ್ ಪದರ ಹಾಕಿಸಲು ಮರೆಯಬೇಡಿ.

ಒಂದು ಎಚ್ಚರಿಕೆ. ಗೋಡೆ ಉಬ್ಬಿದ್ದರೆ, ಬುಡ ಸವೆದಿದ್ದರೆ, ಹೊಸ ಬಿರುಕು ಕಂಡರೆ ಕೆತ್ತಲು ಹೋಗಬೇಡಿ, ಅದರ ಪಕ್ಕ ಮಲಗಲೂ ಬೇಡಿ. ಮೊದಲು ಬಲ್ಲವರಿಗೆ ತೋರಿಸಿ. ಮಳೆಗಾಲದ ರಾತ್ರಿ ಗೋಡೆ ಕುಸಿದ ಸುದ್ದಿ ನಾವು ಪ್ರತಿ ವರ್ಷ ಓದುತ್ತೇವೆ.

ಆ ಮನೆಯ ಗೋಡೆ ಈಗ ಬೆತ್ತಲೆ ನಿಂತು ಆರುತ್ತಿದೆ. ನೋಡಲು ಚೆಂದವಿಲ್ಲ, ಆದರೆ ಬಿಳಿ ಪುಡಿ ಕಡಿಮೆಯಾಗಿದೆ. ಕಾಲುವೆಯನ್ನು ನಾವು ಬದಲಿಸಲಾರೆವು. ರಸ್ತೆ ಹಾಗಲ್ಲ. ಮುಂದಿನ ಗ್ರಾಮಸಭೆಯಲ್ಲಿ ಹೊಸ ರಸ್ತೆಯ ಮಾತು ಬಂದರೆ ಎದ್ದು ನಿಂತು ಒಂದೇ ಮಾತು ಹೇಳಿ: ಮೊದಲು ಹಳೆಯದನ್ನು ಅಗೆದು ತೆಗೆಯಿರಿ, ಆಮೇಲೆ ಹೊಸದು ಹಾಕಿ.