ದಮಸ್ಕ, 1840: ಒಂದು ಅಪವಾದದ ಚರಿತ್ರೆ

ಅರಬ್ ನಾಡುಗಳಲ್ಲಿ ಯೆಹೂದ್ಯರು ಅನುಭವಿಸಿದ ಹಿಂಸೆಯನ್ನು ಇಸ್ಲಾಮಿನ ಚರಿತ್ರೆಯಾಗಿ ಮಾತ್ರ ಓದುವ ವಾಡಿಕೆಯುಂಟು. ಧಿಮ್ಮಿಗಳಾಗಿ ತಲೆಗಂದಾಯ ತೆತ್ತು ಅವರು ಪಡೆದದ್ದು ಅಧೀನತೆಯ ರಕ್ಷಣೆ. ಆಳುವವರ ಮನಸ್ಸು ತಿರುಗಿದರೆ ಅದು ಮುರಿಯುತ್ತಿತ್ತು ಎಂಬುದು ನಿಜ. ಆದರೆ 1840ರಲ್ಲಿ ದಮಸ್ಕದಲ್ಲಿ ಅದನ್ನು ಮುರಿದವರು ಯಾರೆಂದು ನಾವು ಕೇಳಬೇಕಾಗಿದೆ.

ಆಗ ಆ ನಗರವು ಈಜಿಪ್ಟಿನ ಮುಹಮ್ಮದ್ ಅಲಿಯ ಆಳ್ವಿಕೆಯಲ್ಲಿತ್ತು. ಫೆಬ್ರವರಿಯಲ್ಲಿ ಕಪುಚಿನ್ ಸನ್ಯಾಸಿ ಫಾದರ್ ಥಾಮಸ್ ತಮ್ಮ ಸೇವಕನೊಡನೆ ಕಾಣೆಯಾದರು. ಪಸ್ಕದ ರೊಟ್ಟಿಗೆ ರಕ್ತ ಬೇಕೆಂದು ಯೆಹೂದ್ಯರು ಅವರನ್ನು ಕೊಂದರೆಂಬ ಅಪವಾದವನ್ನು ಕ್ರೈಸ್ತರು ಹೊರಿಸಿದರು. ಫ್ರೆಂಚ್ ಕಾನ್ಸಲ್ ರಾಟಿ-ಮೆಂಟನ್ ಅದನ್ನು ಎತ್ತಿಹಿಡಿದನು. ಪ್ರಾಂತಾಧಿಪತಿ ಷರೀಫ್ ಪಾಷಾ ಬಂಧಿತರಿಗೆ ಚಿತ್ರಹಿಂಸೆ ಕೊಡಿಸಿದನು. ಕೆಲವರು ಸತ್ತರು, ಜೋಬರಿನ ಸಭಾಮಂದಿರವನ್ನು ಜನರ ಗುಂಪು ಸೂರೆಮಾಡಿತು. ಮಾಂಟೆಫಿಯೋರೆ, ಕ್ರೆಮ್ಯೂ ಎಂಬ ಯೆಹೂದ್ಯ ಮುಖಂಡರು ಯುರೋಪಿನಿಂದ ಈಜಿಪ್ಟಿಗೆ ಬಂದು ಮೊರೆಯಿಟ್ಟ ಮೇಲೆ ಸೆರೆಯಲ್ಲಿ ಉಳಿದವರ ಬಿಡುಗಡೆಯಾಯಿತು. ನವೆಂಬರಿನಲ್ಲಿ ಈ ಅಪವಾದ ಸುಳ್ಳೆಂದು ಫರ್ಮಾನು ಹೊರಡಿಸಿದವನು ಒಬ್ಬ ಮುಸ್ಲಿಂ ಅರಸ, ಆಟೊಮನ್ ಸುಲ್ತಾನ ಅಬ್ದುಲ್‌ಮಜೀದ್.

ರಕ್ತಭೋಜನವನ್ನು ನಿಷೇಧಿಸುವ ಯಾಜಕಕಾಂಡ 17ನೆಯ ಅಧ್ಯಾಯವು ಸಭೆಯ ಸತ್ಯವೇದದಲ್ಲಿಯೂ ಇತ್ತು. ಆದರೂ ಈ ಸುಳ್ಳು ಹುಟ್ಟಿ ಬೆಳೆದದ್ದು ಮಧ್ಯಯುಗದ ಕ್ರೈಸ್ತ ಯುರೋಪಿನಲ್ಲಿ. ಹಿಂಸಿಸಿದ ಕೈಯನ್ನು ಹೆಸರಿಸುವಾಗ ಆ ಸುಳ್ಳನ್ನು ಕಲಿಸಿದ ನಾಲಗೆಯನ್ನೂ ನಾವು ಹೆಸರಿಸೋಣ.